ನನ್ನ ಪೂರ್ಣಾಂಕ ವಾಪಸು ತೆಗೆದುಕೊಳ್ಳಿ

ದೀರ್ಘಾವಧಿ ಆರೈಕೆ ನಿಧಿಯ ನಿರ್ದೇಶಕರಿಗೆ ಒಬ್ಬ ನಿವೃತ್ತ ದರ್ಜಿಯ ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಕಚೇರಿ ನನಗೆ ಹನ್ನೆರಡಕ್ಕೆ ಹನ್ನೆರಡು ಅಂಕ ಕೊಟ್ಟಿದೆ. ದಯವಿಟ್ಟು ಅದನ್ನು ವಾಪಸು ಪಡೆಯಬೇಕೆಂದು ಕೋರಿ ಈ ಪತ್ರ. ಶಾಲೆಯಲ್ಲಿ ಯಾವ ವಿಷಯದಲ್ಲೂ ನೂರಕ್ಕೆ ನಲವತ್ತು ದಾಟದವನಿಗೆ ಎಪ್ಪತ್ತಾರನೇ ವಯಸ್ಸಿನಲ್ಲಿ ಪೂರ್ಣಾಂಕ ಬಂದರೆ ಎಷ್ಟು ಸಂತೋಷವಾಗಬೇಡ! ಆಯಿತು ಕೂಡ, ಸುಮಾರು ಅರ್ಧ ದಿನ. ಆಮೇಲೆ ಎರಡನೇ ಪುಟ ಓದಿದೆವು. ಇಷ್ಟೊಂದು ಸಮರ್ಥನಾದ ಫಲಾನುಭವಿಗೆ ಮನೆಗೆ ಬಂದು ನೋಡಿಕೊಳ್ಳುವ ಸಹಾಯಕರ ಅಗತ್ಯವಿಲ್ಲವೆಂದೂ, ಮುಂದಿನ ಮೌಲ್ಯಮಾಪನ ಒಂದು ವರ್ಷದ ನಂತರವೆಂದೂ ಅಲ್ಲಿತ್ತು. ಇದರ ಫಲವಾಗಿ ನನ್ನ ಹೆಂಡತಿ ತನಗೆ ಆಗಬೇಕಾದ ಹರ್ನಿಯಾ ಆಪರೇಷನ್ನನ್ನು ಎರಡು ಸಲ ಮುಂದೂಡಿದ್ದಾಳೆ. ಮೂರನೇ ದಿನಾಂಕ ಬರುವ ತಿಂಗಳ ಹತ್ತೊಂಬತ್ತು. ಆಪರೇಷನ್ ಆದ ಮೇಲೆ ಆರು ವಾರ ಅವಳು ಭಾರ ಎತ್ತುವಂತಿಲ್ಲ. ನಮ್ಮ ಮನೆಯಲ್ಲಿ ದಿನಾ ಎತ್ತಬೇಕಾದ ಭಾರ ಒಂದೇ, ಅರವತ್ತೆಂಟು ಕಿಲೋ ತೂಗುವ ನಾನು.

ತಪ್ಪೆಲ್ಲ ತಮ್ಮದೇ ಆಗಿದ್ದರೆ ಈ ಪತ್ರ ಬರೆಯುವುದು ಸುಲಭವಿತ್ತು. ದುರದೃಷ್ಟಕ್ಕೆ ಮುಕ್ಕಾಲು ಪಾಲು ತಪ್ಪು ನನ್ನದು. ಉಳಿದ ಕಾಲು ಪಾಲಿಗೆ ತಮ್ಮನ್ನು ಬಿಟ್ಟುಬಿಡುವ ಉದ್ದೇಶ ಮಾತ್ರ ನನಗಿಲ್ಲ.

ನಾನು ಮುಂದಾಲೋಚನೆ ಇಲ್ಲದವನು ಎಂದು ಯಾರೂ ಹೇಳುವಂತಿಲ್ಲ. ನಮಗೆ ಮಕ್ಕಳಾಗಲಿಲ್ಲ. ನನಗೆ ನಲವತ್ತೊಂಬತ್ತಾಗಿದ್ದಾಗ ತಮ್ಮ ನಿಧಿಯವರು ದರ್ಜಿಗಳ ಸಂಘದ ಸಭೆಗೆ ಬಂದು, ಕೈಕಾಲು ಗಟ್ಟಿ ಇರುವಾಗಲೇ ಕೈಕಾಲು ಬೀಳುವ ದಿನದ ಬಗ್ಗೆ ಯೋಚಿಸಿ ಎಂದರು. ಅವತ್ತೇ ಸೇರಿದೆ. ತಿಂಗಳಿಗೆ ಎರಡು ಪ್ಯಾಂಟಿನ ಹೊಲಿಗೆ ಕೂಲಿ ನಿಧಿಗೆ. ಗಿರಾಕಿ ಇಲ್ಲದೆ ನೊಣ ಹೊಡೆದ ತಿಂಗಳೂ ತಪ್ಪಿಸಲಿಲ್ಲ. ಮನೆಯಲ್ಲಿ ನಾವು ಅದಕ್ಕೆ ‘ಮಗ’ ಎಂದೇ ಹೆಸರಿಟ್ಟಿದ್ದೆವು. ತಿಂಗಳ ಮೊದಲ ವಾರ ಹೆಂಡತಿ, “ರೀ, ಮಗನಿಗೆ ಕಟ್ಟಿದ್ರಾ?” ಎಂದು ನೆನಪಿಸುತ್ತಿದ್ದಳು. ಅಂಗಡಿ ಮುಚ್ಚುವವರೆಗೆ ಇಪ್ಪತ್ತೆರಡು ವರ್ಷ ಹೀಗೆ ಸಾಕಿದೆವು. ಈಗ ಮಗ ದೊಡ್ಡವನಾಗಿ ನಾಲ್ಕು ಮಹಡಿಯ ಕಟ್ಟಡದಲ್ಲಿ ಕೂತಿದ್ದಾನೆ, ನೋಡಬೇಕೆಂದರೆ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಹೆತ್ತ ಮಕ್ಕಳೂ ಕೆಲವೊಮ್ಮೆ ಹೀಗೇ ಮಾಡುತ್ತಾರಂತೆ ಎಂದು ಸಮಾಧಾನ ಮಾಡಿಕೊಂಡಿದ್ದೇವೆ.

ನಾನು ಸೇರಿದ್ದಷ್ಟೇ ಅಲ್ಲ, ಊರಿಗೆಲ್ಲ ಬುದ್ಧಿ ಹೇಳಿದೆ. ಕಾಜಾ ಹಾಕುವವನು, ಇಸ್ತ್ರಿಯವನು, ಎದುರಿನ ಚಪ್ಪಲಿ ಅಂಗಡಿಯವನು, ಹೀಗೆ ಹದಿನೇಳು ಮಂದಿಯನ್ನು ಹಿಡಿದು ಹಿಡಿದು ಸೇರಿಸಿದೆ. ಯಾವ ವಯಸ್ಸಿಗೆ ಯಾವ ಕೀಲು ಕೈಕೊಡುತ್ತದೆ, ಯಾವ ಖರ್ಚು ಬರುತ್ತದೆ ಎಂದು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಷ್ಟು ಖಚಿತವಾಗಿ ಹೇಳುತ್ತಿದ್ದೆ. ಒಂದಕ್ಕೆ ಮಾತ್ರ ಲೆಕ್ಕದಲ್ಲಿ ಬಟ್ಟೆ ಬಿಟ್ಟಿರಲಿಲ್ಲ. ಅದು ನನ್ನ ಜಂಬ.

ಐದು ವರ್ಷದಿಂದ ನನಗೆ ಕಂಪವಾತ. ಕೈ ನಡುಗುತ್ತದೆ, ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಹಾಸಿಗೆಯಿಂದ ಎಬ್ಬಿಸುವುದು, ಸ್ನಾನ, ಬಟ್ಟೆ, ಶೌಚ ಎಲ್ಲ ಹೆಂಡತಿಯೇ ನೋಡಿಕೊಳ್ಳಬೇಕು. ಇದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಮೌಲ್ಯಮಾಪನದ ದಿನ ಈ ನಾಚಿಕೆಯನ್ನು ಅಂಕ ಹಾಕಲು ಬಂದ ಒಬ್ಬ ಹುಡುಗಿಯ ಮುಂದೆ ಬಿಟ್ಟಿದ್ದರೆ ಇವತ್ತು ಊರ ಮುಂದೆ ಬಿಡುವ ಪ್ರಸಂಗ ಬರುತ್ತಿರಲಿಲ್ಲ.

ತಮ್ಮ ಮೌಲ್ಯಮಾಪಕಿ ಬರುವ ದಿನವನ್ನು ತಾವು ಹತ್ತು ದಿನ ಮೊದಲೇ ತಿಳಿಸಿದಿರಿ. ಮನೆಗೆ ಯಾರೋ ಬರುತ್ತಾರೆಂದು ಗೊತ್ತಾದರೆ ಯಾರಾದರೂ ಹರಕು ಚಾಪೆ ಹಾಸುತ್ತಾರೆಯೇ? ನಾನು ಕ್ಷೌರ ಮಾಡಿಸಿಕೊಂಡೆ. ಕುರ್ಚಿಯಿಂದ ಏಳುವುದು ಸುಲಭವಾಗಲೆಂದು ಅದರ ಕಾಲುಗಳ ಕೆಳಗೆ ಮರದ ತುಂಡು ಇಡಿಸಿ, ಕಾಣದಂತೆ ಬಟ್ಟೆ ಇಳಿಬಿಡಿಸಿದೆ. ಲೋಟಕ್ಕೆ ಅರ್ಧವೇ ಚಹಾ ಹಾಕು, ತುಂಬಿದರೆ ಚೆಲ್ಲುತ್ತೇನೆ ಎಂದು ಹೆಂಡತಿಗೆ ತಾಕೀತು ಮಾಡಿದೆ. ಇನ್ನು ಅಂಗಿಯ ವಿಷಯ. ಕೈ ನಡುಗಲು ಶುರುವಾದ ವರ್ಷವೇ ನನ್ನ ಅಂಗಿಗಳಲ್ಲಿ ಗುಂಡಿ ತೂರಿಸುವ ಕಾಜಾಗಳನ್ನೆಲ್ಲ ಹೊಲಿದು ಮುಚ್ಚಿ, ಗುಂಡಿಗಳನ್ನು ಮೇಲೆ ಬರೀ ಅಂದಕ್ಕೆ ಕೂರಿಸಿ, ಒಳಗಡೆ ಒತ್ತಿದರೆ ಕೂರುವ ಟಿಚ್ ಬಟನ್ ಇಟ್ಟಿದ್ದೆ. ನೋಡಿದವರಿಗೆ ಗುಂಡಿ ಹಾಕಿದ ಅಂಗಿಯೇ. ನಾನು ಮಾಡಿದ ಕೊನೆಯ ಒಳ್ಳೆಯ ಕೆಲಸ ಅದು, ನನ್ನನ್ನು ಕೆಡವಿದ್ದೂ ಅದೇ.

ಹುಡುಗಿ ಒಳ್ಳೆಯವಳು. ಅವಳ ಕೋಟಿನ ಬಲತೋಳು ಮಾತ್ರ ಅರ್ಧ ಇಂಚು ಉದ್ದವಿತ್ತು. ಹೆಂಡತಿ ನನಗೆ ಅಂಗಿಯ ತೋಳು ಏರಿಸಿ, ಮುಂಭಾಗ ತೆರೆದಿಟ್ಟು ಕೂರಿಸಿದ್ದಳು. ಹುಡುಗಿ ಕೇಳಿದಳು, “ಅಜ್ಜಾ, ಅಂಗಿ ಗುಂಡಿ ನೀವೇ ಹಾಕ್ಕೋತೀರಾ?”

ನಲವತ್ತೈದು ವರ್ಷ ಹೊಲಿದವನಿಗೆ ಕೇಳುವ ಪ್ರಶ್ನೆಯೇ ಇದು? ಮೈಯೆಲ್ಲ ಉರಿದುಹೋಯಿತು. “ಮಗೂ, ಈ ಬೀದೀಲಿ ಅರ್ಧ ಜನಕ್ಕೆ ಗುಂಡಿ ಇಟ್ಟವನು ನಾನು” ಎಂದು ಅಂಗೈಯಿಂದ ಟಿಚ್ ಟಿಚ್ ಎಂದು ಒತ್ತಿಕೊಂಡು ಹೋದೆ. ಸದ್ದು ಕೇಳಿಸಬಾರದೆಂದು ನಡುನಡುವೆ ಕೆಮ್ಮಿದೆ ಕೂಡ. “ಅಬ್ಬಾ, ನಮ್ಮಪ್ಪನಿಗಿಂತ ಬೇಗ ಹಾಕ್ಕೊಂಡ್ರಿ!” ಎಂದಳು. ಎರಡಕ್ಕೆ ಎರಡು.

ಸ್ನಾನ ಮಾಡುತ್ತೀರಾ ಎಂದಳು, ದಿನಾ ಎಂದೆ. ಮಾಡಿಸುವವರು ಯಾರು ಎಂದು ಅವಳು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ನಡೆದು ತೋರಿಸಿ ಎಂದಾಗ, ಗೋಡೆಗೆ ಹಾಕಿರುವ ಹಳೆಯ ಕತ್ತರಿಸುವ ಮೇಜಿನ ಅಂಚನ್ನು ಸುಮ್ಮನೆ ಸವರಿದಂತೆ ಹಿಡಿದುಕೊಂಡು ಆ ತುದಿಗೆ ಹೋಗಿ ಬಂದೆ. ಕೊನೆಗೆ ನನ್ನ ಹೆಂಡತಿಯ ಕಡೆ ತಿರುಗಿ, “ಅಜ್ಜೀ, ನಿಮಗೇನಾದ್ರೂ ಕಷ್ಟ ಆಗ್ತಿದೆಯಾ?” ಎಂದಳು.

ಹೆಂಡತಿ ನನ್ನ ಮುಖ ನೋಡಿದಳು. ನಾನು ಎದೆ ಸೆಟೆಸಿಕೊಂಡು ಕೂತಿದ್ದೆ. “ಏನೂ ಇಲ್ಲಮ್ಮ. ಎಲ್ಲಾ ಅವರೇ ಮಾಡ್ಕೋತಾರೆ” ಎಂದಳು.

ಇಪ್ಪತ್ತೆರಡು ನಿಮಿಷದಲ್ಲಿ ಇಪ್ಪತ್ತೆರಡು ವರ್ಷದ ಕಂತು ನೀರಿನಲ್ಲಿ ಹೋಮವಾಯಿತು. ಹುಡುಗಿ ಬಾಗಿಲು ದಾಟಿದ ಮೇಲೆ ಈ ಮಹಾ ಸಮರ್ಥನಿಗೆ ಶೌಚಕ್ಕೆ ಅವಸರವಾಯಿತು. ಅಷ್ಟು ನಟಿಸಿದ ಸುಸ್ತಿಗೆ ಕಾಲು ಏಳಲಿಲ್ಲ. ಹೆಂಡತಿ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಎತ್ತುವಾಗ ಅವಳ ಉಸಿರು ಕಟ್ಟಿದ್ದು ನನಗೆ ಕೇಳಿಸಿತು, ಆದರೆ ನಾನು ಆ ಹೊತ್ತಿಗೆ ಹುಡುಗಿ ಕೊಟ್ಟ ಶಹಬ್ಬಾಸ್‌ಗಿರಿಯನ್ನೇ ಮೆಲುಕು ಹಾಕುತ್ತಿದ್ದೆ.

ಈಗ ತಮ್ಮ ಕಾಲು ಪಾಲಿಗೆ ಬರುತ್ತೇನೆ. ಇಷ್ಟು ವರ್ಷದಿಂದ ಮುದುಕರನ್ನು ಅಳೆಯುತ್ತಿರುವ ಕಚೇರಿಗೆ, ಮುದುಕರು ಸುಳ್ಳು ಹೇಳುತ್ತಾರೆಂಬುದು ಇನ್ನೂ ಗೊತ್ತಾಗಿಲ್ಲವೇ? ಪ್ಯಾಂಟಿನ ಅಳತೆ ತೆಗೆಯುವಾಗ ಪ್ರತಿ ಗಿರಾಕಿಯೂ ಹೊಟ್ಟೆ ಒಳಕ್ಕೆಳೆದುಕೊಳ್ಳುತ್ತಾನೆ. ಎಳೆದುಕೊಂಡ ಹೊಟ್ಟೆಯ ಅಳತೆಗೆ ಪ್ಯಾಂಟ್ ಹೊಲಿದರೆ ಮೊದಲ ಊಟಕ್ಕೇ ಕಿತ್ತುಹೋಗುತ್ತದೆ. ಆದ್ದರಿಂದ ನಾವು ಅದೂ ಇದೂ ಮಾತಾಡಿಸುತ್ತೇವೆ, ಮಕ್ಕಳೆಷ್ಟು, ಮನೆ ಎಲ್ಲಿ ಎಂದು ಕೇಳುತ್ತೇವೆ, ಅವನು ಉತ್ತರ ಹೇಳಲು ಉಸಿರು ಬಿಟ್ಟಾಗ ಟೇಪು ಹಿಡಿಯುತ್ತೇವೆ. ಇಷ್ಟು ಸಣ್ಣ ಅಂಗಡಿಯ ಇಷ್ಟು ಸಣ್ಣ ವಿದ್ಯೆ ತಮ್ಮ ಇಷ್ಟು ದೊಡ್ಡ ಕಚೇರಿಗೆ ಬೇಡವಾಯಿತೇ? ಹೆಂಡತಿಯ ಕಷ್ಟವನ್ನು ಗಂಡನ ಎದುರಿಗೇ ಕೇಳುವ ಜಾಣ್ಮೆಯನ್ನು ಯಾವ ತರಬೇತಿಯಲ್ಲಿ ಕಲಿಸುತ್ತೀರಿ? ಅಥವಾ ಜಂಬಗಾರರ ಆರೈಕೆಯ ಖರ್ಚು ಉಳಿಯುವುದೇ ನಿಧಿಯ ಆರ್ಥಿಕ ಯೋಜನೆಯೋ?

ಹಾಗಿದ್ದರೆ ಮೇಲ್ಮನವಿ ಕೊಡಬಹುದಲ್ಲ ಎನ್ನುತ್ತೀರಿ. ಕೊಡಲು ಹೋಗಿದ್ದೆವು. ಮೇಲ್ಮನವಿ ವಿಭಾಗ ಮೂರನೇ ಮಹಡಿಯಲ್ಲಿದೆ, ಅರ್ಜಿದಾರನೇ ಖುದ್ದಾಗಿ ಬರಬೇಕು, ಲಿಫ್ಟಿನ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ನೇತಾಡುತ್ತಿತ್ತು. ಹೆಂಡತಿಯ ಹೆಗಲ ಮೇಲೆ ಬಿದ್ದುಕೊಂಡು ನಲವತ್ತು ನಿಮಿಷ ಹತ್ತಿದೆ. ಕೌಂಟರಿನ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೂರು ಮಹಡಿ ಹತ್ತಿ ಬಂದಿದ್ದೀರಲ್ಲ ಸಾರ್, ನಿಮಗೇನಾಗಿದೆ?” ಎಂದರು.

“ಹತ್ತೋಕೆ ಆಗದೇ ಇದ್ದಿದ್ರೆ?” ಎಂದು ಹೆಂಡತಿ ಕೇಳಿದಳು.

“ಹತ್ತದೇ ಇದ್ರೆ ಅರ್ಜಿ ತಗೊಳ್ಳೋಕಾಗಲ್ಲಮ್ಮ.”

ಅವರ ಮುಖದಲ್ಲಿ ಕುಹಕವಿರಲಿಲ್ಲ. ಅವರಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಅವಳು ವಾದಿಸುತ್ತ ನಿಂತಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಎಷ್ಟೋ ವರ್ಷಗಳ ನಂತರ ಮೊದಲ ಸಲ ಅವಳನ್ನು ಹಿಂದಿನಿಂದ ನೋಡಿದೆ. ಮಾನ್ಯರೇ, ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಗಿರಾಕಿಯ ಯಾವ ಭುಜ ಕಾಲು ಇಂಚು ಇಳಿದಿದೆ ಎಂದು ಹೇಳುವವನು ನಾನು. ಅವಳ ಎಡ ಭುಜ ಒಂದೂವರೆ ಇಂಚು ಇಳಿದಿತ್ತು. ಸೊಂಟ ಒಂದು ಕಡೆಗೆ ವಾಲಿತ್ತು. ಒಂದು ಕೈ ಕೌಂಟರಿನ ಮೇಲೆ, ಇನ್ನೊಂದು ಕೈ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಊರವರ ಮೈಯೆಲ್ಲ ಅಳೆದವನಿಗೆ, ದಿನಾ ತನ್ನನ್ನು ಎತ್ತುತ್ತಿದ್ದ ಮೈ ಮುರಿಯುತ್ತಿದ್ದುದು ಕಂಡಿರಲಿಲ್ಲ. ಆ ಬೆಂಚಿನಲ್ಲಿ ನನಗೆ ಅಳು ಬಂತು. ಗುಮಾಸ್ತರು ಅದನ್ನೂ ನೋಡಿದರು, ಅದಕ್ಕೆ ಅವರ ನಮೂನೆಯಲ್ಲಿ ಅಂಕವಿರಲಿಲ್ಲ.

“ಎಷ್ಟು ದಿನದಿಂದ ಹೀಗೆ?” ಎಂದೆ, ತಿರಸ್ಕೃತ ಅರ್ಜಿ ಹಿಡಿದು ಇಳಿಯುವಾಗ.

“ಎಂಟು ತಿಂಗಳಾಯ್ತು. ನೀವು ಸ್ನಾನದ ಮನೇಲಿ ಜಾರಿದ್ರಲ್ಲ, ಹಿಡ್ಕೊಂಡೆನಲ್ಲ, ಆವತ್ತಿಂದ.”

“ಹೇಳಬಾರದಿತ್ತೇನೇ?”

“ಹೇಳಿದ್ರೆ ಎದ್ದು ಓಡಾಡ್ತಿದ್ರಾ?”

ಮರುದಿನವೇ ಬಲವಂತವಾಗಿ ಆಸ್ಪತ್ರೆಗೆ ಕಳಿಸಿದೆ. ಮೊದಲ ದಿನಾಂಕ ಬಂತು, ನನ್ನನ್ನು ನೋಡಿಕೊಳ್ಳುವವರಿಲ್ಲವೆಂದು ಬಿಟ್ಟಳು. ಎರಡನೆಯದೂ ಹಾಗೇ ಹೋಯಿತು. ಈ ಸಲ ವೈದ್ಯರು ನೇರವಾಗಿ ಹೇಳಿದ್ದಾರೆ: “ಕರುಳು ಸಿಕ್ಕಿಹಾಕ್ಕೊಂಡ್ರೆ ಜೀವಕ್ಕೇ ಅಪಾಯ ಅಜ್ಜಿ. ಆಮೇಲೆ ದಿನಾಂಕ ಕೇಳ್ಕೊಂಡು ಬರೋಕೆ ಟೈಮ್ ಇರಲ್ಲ.” ಆರು ವಾರಕ್ಕೆ ದುಡ್ಡು ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬಾರದೇ ಎಂದು ತಾವು ಕೇಳಬಹುದು. ಆ ದುಡ್ಡನ್ನೇ ಅಲ್ಲವೇ ನಾವು ಇಪ್ಪತ್ತೆರಡು ವರ್ಷ ಮಗನಿಗೆ ಕಟ್ಟಿದ್ದು?

ಆದ್ದರಿಂದ ನನ್ನ ಬೇಡಿಕೆ. ಒಂದು ವರ್ಷದ ನಿಯಮವನ್ನು ಪಕ್ಕಕ್ಕಿಟ್ಟು, ಹತ್ತೊಂಬತ್ತಕ್ಕೆ ಮೊದಲು ನನ್ನನ್ನು ಮತ್ತೊಮ್ಮೆ ಅಳೆಯಿರಿ. ಹೇಳದೆ ಕೇಳದೆ ಬೆಳಿಗ್ಗೆ ಆರೂವರೆಗೆ ಬನ್ನಿ, ನಾನಿನ್ನೂ ಹಾಸಿಗೆಯಲ್ಲಿ ಕವುಚಿಕೊಂಡು ಬಿದ್ದಿರುತ್ತೇನೆ. ನನ್ನ ಮಾತನ್ನು ಒಂದಿಷ್ಟೂ ನಂಬಬೇಡಿ. ನನ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿಕೊಂಡು ಕೇಳಿ.

ಇಷ್ಟನ್ನೂ ನಾನು ಹೇಳುತ್ತ ಹೋದೆ, ಹೆಂಡತಿ ಬರೆದುಕೊಂಡು ಬಂದಳು. ತನ್ನ ಬಗ್ಗೆ ಬಂದಾಗೆಲ್ಲ, “ಇದೆಲ್ಲ ಯಾಕೆ, ಜನ ಏನಂದ್ಕೋತಾರೆ” ಎಂದು ಗೊಣಗಿದಳು, ಆದರೂ ಬರೆದಳು. ಇಲ್ಲಿಗೆ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟಳು. ನನಗೆ ಎಷ್ಟು ಅಂಕ ಕೊಡಬೇಕೆಂದು ನಾನು ಹೇಳಿದ್ದನ್ನು ಬರೆಯುವುದಿಲ್ಲವಂತೆ. “ನೀವೇನು ಅಷ್ಟಕ್ಕೆ ಇಳಿದುಬಿಟ್ರಾ? ನಾಲ್ಕು ಅಂತ ಬರೀತೀನಿ” ಎಂದಳು. ಆಗದು ಎಂದೆ. ಎರಡಕ್ಕೆ ಇಳಿದಳು. ಅದಕ್ಕೂ ಒಪ್ಪಲಿಲ್ಲ. ಈ ಚೌಕಾಸಿಯನ್ನಾದರೂ ಬರೆ ಮಹರಾಯ್ತಿ ಎಂದ ಮೇಲೆ ಇಷ್ಟು ಬರೆದು, ಕೆಳಗೆ ಎರಡು ಸಾಲು ಜಾಗ ಬಿಟ್ಟಿದ್ದಾಳೆ. ಬೇಕಾದರೆ ನಾನೇ ತುಂಬಿಕೊಳ್ಳಬೇಕಂತೆ.

ಸೊನ್ನೆ ಕೊಡಿ.
ಅವಳು ಬದುಕಬೇಕು.

ಇಂತಿ,
ಸಂಪೂರ್ಣ ಸಮರ್ಥನೆಂದು ತಮ್ಮಿಂದಲೇ ಪ್ರಮಾಣಪತ್ರ ಪಡೆದ,
ಟಿಚ್ ಬಟನ್ ಅಂಗಿಯ ಮುದಿ ದರ್ಜಿ

ಮೇಲಿನ ‘ಸೊನ್ನೆ ಕೊಡಿ’ ಎಂಬ ಎರಡು ಸಾಲನ್ನು ತಮ್ಮ ಕೈಯಿಂದಲೇ ಬರೆಯಲು ಇವರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮೊದಲು ಅಭ್ಯಾಸಕ್ಕೆ ಕೊಟ್ಟ ಮೂರು ಹಾಳೆ ಹರಿದವು. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅವತ್ತು ನಿಮ್ಮ ಹುಡುಗಿಗೆ ಏನೂ ಕಷ್ಟವಿಲ್ಲ ಎಂದು ಹೇಳಿದವಳು ನಾನೇ. ಅದು ಸುಳ್ಳು. ನನಗೆ ಇವರನ್ನು ಎತ್ತಲು ಆಗುತ್ತಿಲ್ಲ.
– ಹೆಂಡತಿ