ಬಿಸಿಬಿಸಿಯ ನಲವತ್ತೆಂಟನೇ ಸಂಚಿಕೆ

1974, ಡಿಸೆಂಬರ್ 3, ಮಂಗಳವಾರ. ಸಂಜೆ ಐದು

ಮತ್ತೆ ಹರಿಯಿತು. ಅಚ್ಚಿಗೆ ಬರೆಯುವ ಮೇಣದ ಹಾಳೆ ಇವತ್ತಿಗೆ ಇದು ಮೂರನೆಯದು. ಉಕ್ಕಿನ ಕಡ್ಡಿ ಒತ್ತಿದರೆ ಹರಿಯುತ್ತದೆ, ಒತ್ತದಿದ್ದರೆ ಅಕ್ಷರವೇ ಮೂಡುವುದಿಲ್ಲ. ಅಂತೂ ನಮ್ಮ ಕ್ಲಾಸಿನ ಪತ್ರಿಕೆಯ ಮೂವತ್ತಾರನೇ ಸಂಚಿಕೆ ಮುಗಿಯಿತು. ಕೈಯೆಲ್ಲ ಇಂಕು. ಮೂಗಿನ ಮೇಲೂ ಇತ್ತಂತೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕ ಮೇಲೆ ಗೊತ್ತಾಯಿತು.

"ಬಿಸಿಬಿಸಿ" ಅಂತ ಹೆಸರಿಟ್ಟಿದ್ದು ಮಕ್ಕಳೇ, ವೋಟು ಹಾಕಿ. ಚಳಿ ಕಾಯಿಸುವ ಒಲೆ ಪಕ್ಕದ ಬೆಂಚಿನವರು ಗೆದ್ದರು. ವಾರಕ್ಕೆ ಮೂರು ಸಲ, ಒಂದೊಂದೇ ಹಾಳೆ, ನಾಲ್ಕನೇ ಕ್ಲಾಸ್ ಬಿ ಸೆಕ್ಷನ್ನಿನ ಇಪ್ಪತ್ತೆಂಟು ಮನೆಗೆ. ಯಾರು ಏನು ಬರೆದರು, ಯಾರು ಹಗ್ಗದಾಟದಲ್ಲಿ ಬಿದ್ದರು, ಎಲ್ಲ. ಹೆಡ್‌ಮಾಸ್ಟರ ಕೆಂಪು ಸೀಲು ಬೀಳದೆ ಅಚ್ಚಿಗೆ ಹೋಗುವಂತಿಲ್ಲ. ಇವತ್ತೂ ಓದದೆ ಒತ್ತಿದರು. ಒಳ್ಳೆಯದೇ ಆಯಿತು.

ಹತ್ತೊಂಬತ್ತು ಮಕ್ಕಳ ಅಪ್ಪಂದಿರು ಊರಲ್ಲಿಲ್ಲ. ಹಿಮ ಬಿದ್ದ ಮೇಲೆ ಗದ್ದೆಯಲ್ಲಿ ಏನು ಕೆಲಸ? ಟೋಕಿಯೋ ಕಡೆ ಸುರಂಗ ತೋಡಲು ಹೋದರೆ, ಹೊಸ ವರ್ಷದ ನಾಲ್ಕು ದಿನ ಬಿಟ್ಟರೆ, ಬರುವುದು ಏಪ್ರಿಲ್‌ಗೇ.

ಡಿಸೆಂಬರ್ 14, ಶನಿವಾರ

ನನ್ನ ಕ್ಲಾಸಿನ ಸುಮಿಯೆಯ ಅಮ್ಮ ಶಾಲೆಗೇ ಬಂದಿದ್ದರು, ತಲೆಮೇಲೆ ಹಿಮ ಹೊತ್ತುಕೊಂಡು.

"ಸೆನ್ಸೇ, ನೀವು ಬರ‍್ದಿದ್ದನ್ನ ಉಪ್ಪಿನಕಾಯಿ ಪಾರ್ಸೆಲ್ ಜೊತೆ ಇವ್ರಿಗೆ ಕಳಿಸ್ತೀನಿ. ಅಲ್ಲಿ ಶೆಡ್ಡಲ್ಲಿ ಊಟ ಆದ್ಮೇಲೆ ಒಬ್ರು ಎದ್ದು ನಿಂತು ಓದ್ಬೇಕಂತೆ. ನಮ್ಮೋರು ತೊದಲ್ತಾರೆ ಅಂತ ಎಲ್ಲಾ ಕೂಗ್ತಾರಂತೆ."

"ಉಪ್ಪಿನಕಾಯಿ?"

"ಅದನ್ನ ಯಾರು ಕೇಳ್ತಾರೆ ಬಿಡಿ!"

ಮನೆಗೆ ಬರುವ ದಾರಿಯಲ್ಲಿ ಒಬ್ಬಳೇ ನಕ್ಕೆ. ಟೀಚರ್ ಆಗಿ ನಾಲ್ಕು ವರ್ಷ, ಇಷ್ಟು ಖುಷಿ ಎಂದೂ ಆಗಿರಲಿಲ್ಲ.

1975, ಜನವರಿ 20, ಸೋಮವಾರ. ಸಂಜೆ

ನರುಮಿ ಸೆನ್ಸೇ ಕರೆದರು. ಎ ಸೆಕ್ಷನ್ನಿನ ಮೇಷ್ಟ್ರು. ನನಗಿಂತ ಇಪ್ಪತ್ತೆಂಟು ವರ್ಷ ಹಿರಿಯರು. ನಾಲ್ಕನೇ ಕ್ಲಾಸಿಗೆಲ್ಲ ಅವರ ಮಾತೇ ಕೊನೆ.

"ಒಯಿಕಾವಾ ಸೆನ್ಸೇ, ಕೂತ್ಕೊಳ್ಳಿ. ಹೊಸ ವರ್ಷಕ್ಕೆ ಬಂದ ನಮ್ಮ ಸೆಕ್ಷನ್ ಅಪ್ಪಂದಿರದೆಲ್ಲ ಒಂದೇ ರಾಗ. ಅಲ್ಲಿ ಎರಡೂ ಸೆಕ್ಷನ್ನಿನೋರು ಒಂದೇ ಶೆಡ್ಡಲ್ಲಿ ಇರ್ತಾರೆ. ಬಿ ಸೆಕ್ಷನ್ನಿಗೆ ಪತ್ರಿಕೆ ಬರುತ್ತೆ, ನಮ್ಮ ಮಕ್ಕಳಿಗ್ಯಾಕಿಲ್ಲ ಅಂತ."

"ಹಾಗಿದ್ರೆ ನೀವೂ ಒಂದು ತನ್ನಿ ಸೆನ್ಸೇ." ಬಾಯಿಂದ ಜಾರಿಬಿಟ್ಟಿತು.

ಅವರ ಮುಖ ಬಿಗಿಯಾಯಿತು. "ಒಂದೇ ಕ್ಲಾಸಿನ ಎರಡು ಸೆಕ್ಷನ್ನು. ಹೆಜ್ಜೆ ಒಟ್ಟಿಗೇ ಇರ್ಬೇಕು. ತಂದ್ರೆ ಇಬ್ರೂ ತರ್ಬೇಕು, ಇಲ್ದಿದ್ರೆ ಇಬ್ರೂ ಬಿಡ್ಬೇಕು. ನಾನು ತರಲ್ಲ."

ಹೆಡ್‌ಮಾಸ್ಟರ ಹತ್ತಿರ ಓಡಿದೆ. "ನರುಮಿ ಸೆನ್ಸೇ ಒಪ್ಪಲಿ, ನಾನು ಒತ್ತುತ್ತೀನಿ" ಅಂದವರೇ ಸೀಲನ್ನು ಡ್ರಾಯರಿಗೆ ಹಾಕಿದರು.

ನಲವತ್ತೇಳಕ್ಕೆ ನಿಂತಿತು. ಹೊಟ್ಟೆಕಿಚ್ಚು, ಇನ್ನೇನು!

ಜನವರಿ 22

"ಸೆನ್ಸೇ, ಇವತ್ತೂ ಬಿಸಿಬಿಸಿ ಇಲ್ವಾ?"

ಇಲ್ಲ.

"ಮತ್ತೆ ಅಪ್ಪಂಗೆ ಏನು ಕಳ್ಸೋದು?" — ಸುಮಿಯೆ.

ಕಿಟಕಿ ಕಡೆ ತಿರುಗಿದೆ. ಅಳು ಬಂದಿತ್ತು. ನಾಚಿಕೆಯೂ.

ಫೆಬ್ರವರಿ 3, ಸೋಮವಾರ

ದೆವ್ವ ಓಡಿಸಲು ಹುರಿದ ಬೀನ್ಸ್ ಕಾಳು ಎಸೆಯುವ ಹಬ್ಬ. ಪ್ರತಿ ವರ್ಷ ಕೆಂಪು ಮುಖವಾಡ ಹಾಕಿಕೊಂಡು ದೆವ್ವ ಆಗುವವರು ನರುಮಿ ಸೆನ್ಸೇನೇ. ಮಕ್ಕಳು ದೂರದಿಂದ ಎಸೆದರು. ನಾನು ಹತ್ತಿರ ಹೋಗಿ ಎಸೆದೆ, ಎರಡು ಮುಷ್ಟಿ. ಮುಖವಾಡದ ಒಳಗಿಂದ "ಅಯ್ಯೋ, ನಿಧಾನ!" ಅಂತ ಕೇಳಿಸಿತು. ಮನಸ್ಸು ಹಗುರಾಗಲಿಲ್ಲ. ಸ್ವಲ್ಪ ಆಯಿತು, ಸುಳ್ಳೇಕೆ.

ಫೆಬ್ರವರಿ 12, ಬುಧವಾರ



ಶಾಲೆಗೆ ಒಂದು ದಪ್ಪ ಲಕೋಟೆ. ಮೇಲೆ "ನಾಲ್ಕನೇ ಕ್ಲಾಸ್, ಎರಡೂ ಸೆಕ್ಷನ್". ಒಳಗೆ ಐವತ್ತೈದು ಹಾಳೆ, ಪ್ರತಿ ಮಗುವಿಗೂ ಒಂದರಂತೆ. ಅಪ್ಪಂದಿರು ಸೈಟ್ ಆಫೀಸಿನ ಅಚ್ಚಿನ ಮೆಷಿನ್ನು ಕೇಳಿ ಪಡೆದು, ತಾವೇ ಕಡ್ಡಿ ಹಿಡಿದು ಗೀಚಿ, ಅಚ್ಚು ಹಾಕಿ ಕಳಿಸಿದ್ದಾರೆ! ಅಕ್ಷರಗಳು ನಾಲ್ಕೂ ದಿಕ್ಕಿಗೆ ಓಡುತ್ತಿವೆ. ತಲೆಬರಹ: "ಬಿಸಿಬಿಸಿ, ಸುರಂಗದಿಂದ".

ಸ್ಟಾಫ್ ರೂಮಿನಲ್ಲಿ ನಾನೇ ಗಟ್ಟಿಯಾಗಿ ಓದಿದೆ.

"ಮೂರು ವಾರದಿಂದ ಹಳೇದನ್ನೇ ಓದ್ತಿದೀವಿ. ನಲವತ್ತೇಳನೇದು ಎಲ್ಲರಿಗೂ ಬಾಯಿಪಾಠ. ಈಗ ನಾನು ತೊದಲಲ್ಲ. — ಸುಮಿಯೆ ಅಪ್ಪ."

"ನಮ್ಮ ಹಸು ಕರು ಹಾಕುತ್ತೆ ಅಂತ ಮಗ ಬರೆದಿದ್ದ. ಹಾಕ್ತಾ? ಮನೆಯವಳು ಎಲ್ಲ ಚೆನ್ನಾಗಿದೆ ಅಂತ ಒಂದೇ ಸಾಲು ಬರೀತಾಳೆ. — ಕುರಾಚಿ."

ಎಲ್ಲರೂ ನಗುತ್ತಿದ್ದರು. ಕೊನೆಯದನ್ನು ಓದುವಾಗ ನನ್ನ ದನಿ ಇಳಿಯಿತು.

"ನನ್ನ ಮಗಳು ಚಿಹಾರು ಎ ಸೆಕ್ಷನ್ನು. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ನರುಮಿ ಸೆನ್ಸೇ ಒಂದು ಪತ್ರಿಕೆ ತರ್ತಿದ್ರು. ನಮ್ಮಮ್ಮಂಗೆ ಓದೋಕೆ ಬರ್ತಿರ್ಲಿಲ್ಲ, ನನ್ನ ಹೆಸರಿನ ಅಕ್ಷರ ಮಾತ್ರ ಗೊತ್ತಿತ್ತು. ಪ್ರತಿ ಸಲ ಹುಡುಕೋಳು. ವರ್ಷ ಪೂರ್ತಿ ನನ್ನ ಹೆಸರು ಬರ್ಲಿಲ್ಲ. ಸೆನ್ಸೇ, ನನ್ನ ಮಗಳ ಹೆಸರು ಒಂದು ಸಲ ಬರೀರಿ. ಒಂದು ಸಲ ಸಾಕು. — ಕಮಾದಾ ತೊಕುಜಿ."

ನರುಮಿ ಸೆನ್ಸೇ ಹಾಳೆ ಇಸಿದುಕೊಂಡು, ತಾವೇ ಇನ್ನೊಮ್ಮೆ ಓದಿ, ಕೋಟು ಹಾಕದೆ ಹಿಮದಲ್ಲೇ ಹೊರಟುಹೋದರು.

ಫೆಬ್ರವರಿ 13. ರಾತ್ರಿ

ಬೆಳಿಗ್ಗೆ ಏಳಕ್ಕೇ, ನನಗಿಂತ ಮೊದಲೇ ನರುಮಿ ಸೆನ್ಸೇ ಬಂದು ನನ್ನ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಹಳೆಯ ಕಡ್ಡಿ, ಹಿಡಿ ಸವೆದದ್ದು.

"ತೊಕುಜಿ ಅಮ್ಮ ಆ ವರ್ಷದ ಕೊನೇಲಿ ಪತ್ರಿಕೆ ಕಟ್ಟೆಲ್ಲ ಹೊತ್ಕೊಂಡು ಬಂದ್ರು. ‘ಸೆನ್ಸೇ, ನನ್ನ ಮಗ ನಿಮ್ಮ ಕ್ಲಾಸಲ್ಲಿ ಇಲ್ವಾ?’ ಅಂದ್ರು. ಜಗಳಕ್ಕಲ್ಲ, ನಿಜವಾಗ್ಲೂ ಅನುಮಾನ ಬಂದು. ಅವತ್ತು ಎತ್ತಿಟ್ಟೆ ಇದನ್ನ."

ನಾನು ಅದನ್ನು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ! ಎರಡು ಮುಷ್ಟಿ ಬೀನ್ಸು ಬೇರೆ. ಕ್ಷಮೆ ಕೇಳಲು ಬಾಯಿ ತೆರೆದೆ.

"ಅದಿರ್ಲಿ. ನೀವು ಕಡ್ಡೀನ ಗುದ್ದಲಿ ಹಿಡಿದ ಹಾಗೆ ಹಿಡೀತೀರಿ. ಅದಕ್ಕೇ ಹರಿಯೋದು. ಸರೀರಿ ಆ ಕಡೆ."

ಐವತ್ತೈದು ಹೆಸರು. ಒಬ್ಬೊಬ್ಬರ ಬಗ್ಗೆಯೂ ಒಂದು ನಿಜವಾದ ಮಾತು ಬರೆಯಬೇಕು, "ಒಳ್ಳೆಯ ಮಗು" ಅಂತ ತೇಲಿಸುವಂತಿಲ್ಲ. ಇದು ಅವರ ಕಾನೂನು. ನನ್ನ ಸೆಕ್ಷನ್ನಿನಲ್ಲೇ ಇಬ್ಬರ ಹೆಸರಿನ ಮುಂದೆ ಬರೆಯಲು ಏನೂ ಹೊಳೆಯಲಿಲ್ಲ. ನಲವತ್ತೇಳು ಸಂಚಿಕೆ ತಂದವಳು... ಪೆನ್ಸಿಲ್ ಕೆಳಗಿಟ್ಟು, ಬಿಡುವಿನ ಹೊತ್ತಲ್ಲಿ ಆ ಇಬ್ಬರ ಹಿಂದೆ ಹಿಮದಲ್ಲಿ ಅಲೆದೆ.

ಫೆಬ್ರವರಿ 17, ಸೋಮವಾರ

ಬಂತು! ನಾಲ್ಕು ಪುಟ. ನರುಮಿ ಸೆನ್ಸೇ ಬರೆದ ಪುಟಗಳ ಮುಂದೆ ನನ್ನವು ಕಾಗೆ ಕಾಲು. ಎರಡು ಸೆಕ್ಷನ್ನಿನದು ಅಂತ ಹೊಸದಾಗಿ ಒಂದನೇ ಸಂಚಿಕೆ ಅನ್ನೋಣವೇ ಎಂದೆ.

"ಯಾಕೆ? ನಲವತ್ತೇಳು ಆಗಿದೆಯಲ್ಲ. ಇದು ನಲವತ್ತೆಂಟು."

ಹೆಡ್‌ಮಾಸ್ಟರು ಮೊದಲ ಸಲ ಪೂರ್ತಿ ಓದಿದರು, ನಿಂತುಕೊಂಡೇ. "ನನ್ನ ಹೆಸರು ಎಲ್ಲೂ ಇಲ್ವಲ್ಲ" ಅಂದರು. ಸೀಲು ಒತ್ತಿದ ಜೋರಿಗೆ ಟೀ ಲೋಟ ಅಲುಗಿತು.

ಅಚ್ಚಾದ ಮೇಲೆ ನೋಡಿದೆ, ಕೊನೆಯ ಪುಟದಲ್ಲಿ ಐವತ್ತಾರನೇ ಹೆಸರು ಒಂದಿತ್ತು. ನನಗೆ ಹೇಳಿರಲಿಲ್ಲ ಅವರು.

"ಕಮಾದಾ ತೊಕುಜಿ. ನಾಲ್ಕನೇ ಕ್ಲಾಸ್, 1953. ಕಾಲಿಗೆ ಗಾಯವಾಗಿದ್ದ ಗೆಳೆಯನನ್ನು ಹದಿನೈದು ದಿನ ಬೆನ್ನ ಮೇಲೆ ಹೊತ್ತು ಶಾಲೆಗೆ ತಂದ. ದಿನವೂ ಕಿಟಕಿಯಿಂದ ನೋಡಿದ್ದೆ. ಬರೆಯುವುದು ಇಪ್ಪತ್ತೆರಡು ವರ್ಷ ತಡವಾಯಿತು."

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ

ಊಟದ ಹೊತ್ತಿಗೆ ಫೋನು. ಸುರಂಗದ ಸೈಟಿನಿಂದ ತೊಕುಜಿ, ನರುಮಿ ಸೆನ್ಸೇಗೆ. ರಿಸೀವರ್ ಹಿಡಿದು ನೆಟ್ಟಗೆ ನಿಂತುಬಿಟ್ಟರು, ಹೆಡ್‌ಮಾಸ್ಟರ ಮುಂದೆ ನಿಂತ ಹುಡುಗನ ಹಾಗೆ. "ಹೂಂ" ಅಂದರು. "ಹೂಂ, ಹೂಂ." ಕನ್ನಡಕ ತೆಗೆದರು. ರಿಸೀವರ್ ಇಟ್ಟರು.

"ತೊಕುಜಿ ಏನಂದ್ರು ಸೆನ್ಸೇ?"

"ಅವನ ಸರದಿ ಬಂದಾಗ ಓದೋಕೆ ಆಗ್ಲಿಲ್ವಂತೆ. ಸುಮಿಯೆ ಅಪ್ಪ ಓದಿದ್ನಂತೆ, ಒಂದು ಸಲಾನೂ ತೊದಲದೆ. ಒಂದು ಪ್ರತಿ ಅವನ ಅಮ್ಮಂಗೆ ಕಳಿಸ್ಬೇಕಂತೆ. ಎಪ್ಪತ್ತು ವರ್ಷ, ಇದಾರಂತೆ ಇನ್ನೂ."

"ಪೋಸ್ಟ್ ಮಾಡ್ತೀನಿ."

"ಬೇಡ. ನಾನೇ ತಗೊಂಡು ಹೋಗ್ತೀನಿ. ಆ ಅಕ್ಷರದ ಮೇಲೆ ಬೆರಳಿಟ್ಟು ತೋರಿಸ್ಬೇಕು."

ಹೊರಟಿದ್ದಾರೆ. ಇಲ್ಲ, ಬಾಗಿಲಿಂದ ಕೂಗುತ್ತಿದ್ದಾರೆ, ಒಯಿಕಾವಾ ಸೆನ್ಸೇ, ನೀವೂ ಬನ್ನಿ, ನನಗೊಬ್ಬನಿಗೇ ಧೈರ್ಯ ಸಾಲ್ತಿಲ್ಲ ಅಂತ. ಬೂಟು ಎಲ್ಲಿ... ಬಂದೆ ಸೆನ್ಸೇ, ಬಂ—