ಕುಂಕುಮ ಹಚ್ಚಿದ ವಿಮಾನ

ನರಿಕೊಂಬು
೧೨-೨-೧೯೬೬, ಶನಿವಾರ

ಇವರಿಗೆ,

ಪೂಜ್ಯ ಪತಿಯವರ ಪಾದಗಳಿಗೆ ಎಂದು ಬರೆದು ಹೊಡೆದುಹಾಕಿದ್ದೇನೆ. ಹದಿನಾರು ತಿಂಗಳು ಎಲ್ಲಿದ್ದೀರೆಂದೇ ತಿಳಿಸದವರ ಪಾದವನ್ನು ನಾನು ಎಲ್ಲಿ ಹುಡುಕಲಿ? ಲಕೋಟೆಯ ಮೇಲೆ ಸಂಕಪ್ಪ ಎಂದು ಬರೆಯದಿದ್ದರೆ ಅಂಚೆಯವರು ಒಪ್ಪುವುದಿಲ್ಲ. ಒಳಗಾದರೂ ನಿಮ್ಮ ಹೆಸರು ಹಿಡಿಯದೆ ಇರುತ್ತೇನೆ.

ಬೊಂಬಾಯಿಯಿಂದ ನೀವು ಬರೆದ ಕಾಗದವನ್ನು ಮಂಗಳವಾರ ಅಂಚೆಯ ಧರ್ಣಪ್ಪ ತಂದುಕೊಟ್ಟ. ಅತ್ತೆ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು, ಗಟ್ಟಿಯಾಗಿ ಓದು ಎಂದರು. ವರ್ಲಿಯ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದ್ದನ್ನು ಓದಿದೆ, ಊಟಕ್ಕೆ ತೊಂದರೆಯಿಲ್ಲ ಎಂಬುದನ್ನು ಓದಿದೆ. ಆಮೇಲಿನ ನಾಲ್ಕು ಸಾಲು ಓದಲಿಲ್ಲ. ಎರಡು ಜೀವ ನನ್ನ ಕೈಯಿಂದ ಹೋಯಿತು, ಒಂದು ನಿನ್ನ ತಮ್ಮನದು, ಇನ್ನೊಂದು ಹುಟ್ಟದೆ ಹೋದ ನಮ್ಮ ಕೂಸಿನದು ಎಂದು ಬರೆದಿದ್ದೀರಿ. ನನಗಾಗಿ ಕಾಯಬೇಡ, ಮೂಡುಬಿದಿರೆಗೆ ತಾಯಿಯ ಮನೆಗೆ ಹೋಗು ಎಂದಿದ್ದೀರಿ. ಸಂಜೆ ಕಡಲ ಬದಿಯಲ್ಲಿ ಕೂರುತ್ತೇನೆ, ಎದ್ದು ಬರಬೇಕೆಂದು ಅನ್ನಿಸುವುದಿಲ್ಲ ಎಂದೂ ಇದೆ. ನೀವು ಒಂದು ದಿನ ಅಲ್ಲಿಂದ ಎದ್ದು ಬರದೇ ಹೋದರೆ ಎಂಬ ಹೆದರಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಜನ್ಮದಲ್ಲಿ ಬರೆಯುತ್ತಿರಲಿಲ್ಲ.

ನಿಮಗೆ ಗೊತ್ತಿರುವುದನ್ನೂ ಬರೆಯಬೇಕಾಗುತ್ತದೆ. ಮೊದಲಿಂದ ಬರೆಯದಿದ್ದರೆ ನನಗೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ.

ಯುದ್ಧದ ಕಾಲದಲ್ಲಿ ಸಿಲೋನಿನ ಕೊಗ್ಗಲದಲ್ಲಿ ನೀವು ನೀರಿನ ಮೇಲೆ ಇಳಿಯುವ ವಿಮಾನಗಳ ಇಂಜಿನು ಬಿಚ್ಚಿ ತೊಳೆಯುತ್ತಿದ್ದಿರಿ. ಕ್ಯಾಟಲೀನ ಎಂದು ನೀವು ಹೇಳಿದಾಗ, ಹೊಸದಾಗಿ ಮದುವೆಯಾದ ನಾನು ಅದು ಯಾವಳೋ ಹೆಂಗಸು ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅದು ಆ ವಿಮಾನದ ಹೆಸರೆಂದು ಆಮೇಲೆ ತಿಳಿಯಿತು, ಹೆಂಗಸಾಗಿದ್ದರೇ ಸುಲಭವಿತ್ತು. ದಿನಾ ಸಂಜೆ ಬಂಟ್ವಾಳದ ನಿಮ್ಮ ಸೈಕಲ್ ಅಂಗಡಿ ಮುಚ್ಚಿ ಬಂದು, ಹಾಲೆಮರ ಕೆತ್ತಿ, ನನ್ನ ರೇಷ್ಮೆ ಸೀರೆ ಹರಿದು ರೆಕ್ಕೆಗೆ ಹೊದಿಸಿ, ಮೂರು ವರ್ಷ ಅದರ ಮರಿಯನ್ನು ಮಾಡಿದಿರಿ. ಎರಡು ಪುಟ್ಟ ಇಂಜಿನು ಮತ್ತು ವಯರ್‌ಲೆಸ್ ಪೆಟ್ಟಿಗೆಯನ್ನು ನಿಮ್ಮ ಹಳೆಯ ಸಿಲೋನು ಸ್ನೇಹಿತರು ಹಡಗಿನವರ ಕೈಯಲ್ಲಿ ಕಳಿಸಿದರು. ನೇತ್ರಾವತಿಯ ನೀರಿನಿಂದ ಅದು ಮೊದಲ ಸಲ ಮೇಲೆದ್ದ ದಿನ ನೀವು ಅತ್ತಿರಿ. ನಾನೂ ಅತ್ತುಬಿಟ್ಟೆ, ಸೀರೆಗಾಗಿ ಎಂದು ಸುಳ್ಳು ಹೇಳಿದೆ.

ದಡದಲ್ಲಿ ನಿಂತು ನೀವು ಹಿಡಿಯುವ ಪೆಟ್ಟಿಗೆಗೆ ಇದ್ದದ್ದು ಒಂದೇ ಗುಂಡಿ. ಒಂದು ಸಲ ಒತ್ತಿದರೆ ಬಾಲದ ಹಲಗೆ ಬಲಕ್ಕೆ, ಮತ್ತೊಂದು ಸಲ ಒತ್ತಿದರೆ ಎಡಕ್ಕೆ. ಹಲಗೆಯನ್ನು ಎಳೆಯುವ ಶಕ್ತಿ ವಯರ್‌ಲೆಸ್ಸಿನದಲ್ಲ, ವಿಮಾನದ ಒಳಗೆ ಉದ್ದಕ್ಕೆ ಕಟ್ಟಿದ ರಬ್ಬರಿನದು. ಪ್ರತಿ ಸಲ ಹಾರಿಸುವ ಮೊದಲು ಅದನ್ನು ಕೊಕ್ಕೆ ಹಾಕಿ ಇನ್ನೂರು ಸುತ್ತು ಸುತ್ತಬೇಕು. ಆ ಕೆಲಸ ನನ್ನದು. ನಿನ್ನ ಕೈಗೆ ಲೆಕ್ಕ ತಪ್ಪುವುದಿಲ್ಲ ಎನ್ನುತ್ತಿದ್ದಿರಿ.

ಅರವತ್ತನಾಲ್ಕರ ನವರಾತ್ರಿಗೆ ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನಗೆ ದಿನ ನಿಂತು ಐವತ್ತು ದಿನವಾಗಿತ್ತು. ಅತ್ತೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಬಿಡುತ್ತಿರಲಿಲ್ಲ. ಆಯುಧಪೂಜೆಗೆ ಸ್ಪ್ಯಾನರು, ಸುತ್ತಿಗೆಗಳ ಜೊತೆ ವಿಮಾನವನ್ನೂ ಮಣೆಯ ಮೇಲಿಟ್ಟು ಮೂತಿಗೆ ಕುಂಕುಮ ಹಚ್ಚಿ ಅಡಿಕೆಯ ಹಿಂಗಾರ ಮುಡಿಸಿದಿರಿ. ಮರುದಿನ ವಿಜಯದಶಮಿಗೆ ಹಾರಿಸುವುದೆಂದು ಮೂಡುಬಿದಿರೆಯಿಂದ ನನ್ನ ತಮ್ಮ ಸುಧಾಕರನನ್ನು ಕರೆಸಿದಿರಿ. ಅವನು ಭಾವ, ಭಾವ ಎಂದು ನಿಮ್ಮ ಬೆನ್ನು ಬಿಡಲಿಲ್ಲ. ಇಪ್ಪತ್ತನಾಲ್ಕು ವರ್ಷದ ಶಾಲಾ ಮಾಸ್ತರು, ಆಡಿದ್ದೆಲ್ಲ ಚಿಕ್ಕವರ ಹಾಗೆ.

ಹೊಳೆಬದಿಯಲ್ಲಿ ಅರ್ಧ ಊರು ಸೇರಿತ್ತು. ಜನರ ನಡುವಿನಿಂದ ನೀವು ಕೇಳಿದಿರಿ: "ಸುತ್ತಿ ಆಯ್ತಾ ಮಾರಾಯ್ತಿ?" ನಾನು ತಲೆಯಾಡಿಸಿದೆ. ವಿಮಾನ ಎದ್ದಿತು. ಎರಡು ಸಲ ಹೇಳಿದಂತೆ ತಿರುಗಿತು. ಆಮೇಲೆ ನೇರ ಹೋಯಿತು. ನೀವು ಗುಂಡಿ ಒತ್ತುತ್ತಲೇ ಇದ್ದಿರಿ, ಅದು ಹೋಗುತ್ತಲೇ ಇತ್ತು. ಎಣ್ಣೆ ಮುಗಿದು ಬಂಡೆಗಳ ಆಚೆ ನಡುಹೊಳೆಯಲ್ಲಿ ಇಳಿದು ತೇಲಿತು. ಹೊಳೆ ದಾಟಿಸುವ ಬದ್ರುದ್ದೀನ್ ಸಾಹೇಬರ ದೋಣಿ ಆಚೆ ದಡದಲ್ಲಿತ್ತು. "ನಿಲ್ಲಿ ಮಾಸ್ಟ್ರೇ, ನಾನು ಬರ್ತೇನೆ, ಅಲ್ಲಿ ಸುಳಿ ಉಂಟು" ಎಂದು ಅವರು ಕೂಗಿದ್ದು ನನಗೂ ಕೇಳಿಸಿತು. ಸುಧಾಕರ ನಿಮ್ಮ ಮುಖ ನೋಡಿದ, ಅಂಗಿ ಕಳಚಿ ಹಾರಿದ. ಎರಡು ದಿನ ಬಿಟ್ಟು ಅವನು ಸಿಕ್ಕಿದ. ವಿಮಾನ ಸಿಗಲೇ ಇಲ್ಲ.

ಜನರೊಡನೆ ಮಾತಾಡುತ್ತಾ ಎಡಬಲದ ಲೆಕ್ಕ ತಪ್ಪಿಸಿಕೊಂಡೆ, ಅದಕ್ಕೇ ಹೀಗಾಯಿತು ಎಂದು ನೀವು ಪೊಲೀಸರಿಗೆ ಹೇಳಿದಿರಿ, ನನ್ನ ಅಮ್ಮನ ಕಾಲು ಹಿಡಿದು ಹೇಳಿದಿರಿ. ಲೆಕ್ಕ ತಪ್ಪಿದ್ದರೆ ಅದು ತಪ್ಪು ಕಡೆಗಾದರೂ ತಿರುಗುತ್ತಿತ್ತು. ಅದು ತಿರುಗಲೇ ಇಲ್ಲವಲ್ಲ. ಇಷ್ಟು ಬುದ್ಧಿವಂತರು ನೀವು, ಅದು ನಿಮಗೆ ಹೊಳೆಯಲೇ ಇಲ್ಲವೇ? ರಬ್ಬರಿಗೆ ಶಕ್ತಿ ಇರಲಿಲ್ಲ. ಹಿಂದಿನ ಸಲ ಉಳಿದ ಸುತ್ತುಗಳಲ್ಲಿ ಅದು ಎರಡು ಸಲ ತಿರುಗಿತ್ತು, ಅಷ್ಟೆ. ಆ ದಿನ ನಾನು ರಬ್ಬರು ಸುತ್ತಿರಲಿಲ್ಲ. ಹಬ್ಬದ ಅಡುಗೆಯ ಗಡಿಬಿಡಿಯಲ್ಲಿ ಮರೆತೆ. ಮರೆತೆನೆಂದು ಅಷ್ಟು ಜನರ ಮುಂದೆ ಹೇಳಲು ನಾಚಿಕೆಯಾಗಿ ತಲೆಯಾಡಿಸಿದೆ.

ನೀವು ಎದೆ ಬಡಿದುಕೊಳ್ಳುವಾಗ ಸುಮ್ಮನಿದ್ದೆ. ನೀವು ಮನೆ ಬಿಡುವಾಗಲೂ ಸುಮ್ಮನಿದ್ದೆ. ಸುಧಾಕರನ ಜೀವ ನಿಮ್ಮ ಲೆಕ್ಕದಲ್ಲಿಲ್ಲ, ನನ್ನದರಲ್ಲಿದೆ. ಕೂಸಿನ ಮಾತು ಬರೆಯಲಾರೆ, ಅದನ್ನು ಬಿಡಿ. ನೀವು ಊರಿಗೆ ಬನ್ನಿ. ನನ್ನನ್ನು ಬೈಯುವುದಕ್ಕಾದರೂ ಬನ್ನಿ.

ಇಂತು, ನಿಮ್ಮ ಮುಂದೆ ನಿಲ್ಲಲು ಮುಖವಿಲ್ಲದ
ನೀಲಾವತಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಮರೆತೆ ಎಂದು ಮೇಲೆ ಬರೆದದ್ದು ಸುಳ್ಳು. ವಿಜಯದಶಮಿಯ ಬೆಳಿಗ್ಗೆ ಸ್ನಾನಕ್ಕೆ ಹೋದಾಗಲೇ ನಾನು ಹೊರಗಾಗಿದ್ದೆ. ಸುಧಾಕರ ಹೋದ ಆಘಾತಕ್ಕೆ ಕೂಸು ಇಳಿಯಿತು ಎಂದು ಮರುದಿನ ಎಲ್ಲರೂ ಹೇಳಿದರು, ನಾನು ಹೇಳಲು ಬಿಟ್ಟೆ. ಕೂಸು ಅದಕ್ಕೆ ಮೊದಲೇ ಹೋಗಿತ್ತು. ಹೇಳಿದ್ದರೆ ಆಗಲೇ ಹಿಂದಿನ ಜಗಲಿಯಲ್ಲಿ ಕೂರಬೇಕಿತ್ತು, ಅತ್ತೆಯ ಮುಖ ಬಾಡುತ್ತಿತ್ತು, ನಿಮ್ಮದೂ. ಹಬ್ಬದ ಆ ಒಂದು ದಿನ ಕಳೆಯಲಿ ಎಂದುಕೊಂಡೆ. ಅಡುಗೆಮನೆಗೆ ಹೋಗುವ ಧೈರ್ಯ ಬಂತು, ಕುಂಕುಮ ಹಚ್ಚಿ ಪೂಜೆ ಮಾಡಿದ್ದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಅದಕ್ಕೇ ಸುತ್ತಲಿಲ್ಲ. ಎರಡರಲ್ಲಿ ಒಂದು ಜೀವವೂ ನಿಮ್ಮ ಕೈಯಿಂದ ಹೋದದ್ದಲ್ಲ.

ಇದನ್ನು ಡಬ್ಬಿಗೆ ಹಾಕಿ ಬಂದು ನಿಮ್ಮ ಅಮ್ಮನಿಗೆ ಹೇಳುತ್ತೇನೆ. ನಾಳೆ ಮೂಡುಬಿದಿರೆಗೆ ಹೋಗಿ ನನ್ನ ಅಮ್ಮನಿಗೂ ಹೇಳುತ್ತೇನೆ. ಅವಳು ಇವತ್ತಿಗೂ ಸುಧಾಕರನ ಅಂಗಿಗಳನ್ನು ಒಗೆದು ಮಡಚಿಡುತ್ತಾಳೆ. ಆಮೇಲೆ ಯಾವ ಮನೆಯಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಗೊತ್ತಿಲ್ಲ. ಉತ್ತರವನ್ನು ಬಂಟ್ವಾಳದ ಅಂಚೆ ಕಚೇರಿಗೇ ಬರೆಯಿರಿ, ನಾನು ದಿನಾ ಹೋಗಿ ಕೇಳುತ್ತೇನೆ.