ಹೂವಿನ ಕಮರಿಯಲ್ಲಿ ಏಕವಚನ

ಏಪ್ರಿಲ್ ೧೯, ಭಾನುವಾರ

ನನ್ನ ಗುಬ್ಬಿಗೆ,

ಅಕ್ಕನ ಸಾವಿರ ಮುತ್ತು. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರವಿಲ್ಲವೆಂದು ಮೂತಿ ಉಬ್ಬಿಸಿಕೊಂಡಿರುತ್ತೀಯ. ತಪ್ಪು ನನ್ನದೇ. ಆದರೆ ನೀನು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. "ಮೂರನೇ ತಿಂಗಳಲ್ಲಿ ಮೆಟ್ಟಿಲು ಹತ್ತಬಹುದಾ ಅಕ್ಕಾ? ನಿನಗಾದದ್ದು ನೆನೆಸಿಕೊಂಡ್ರೆ ಕಾಲು ಎತ್ತಿಡೋಕೇ ಭಯ" ಎಂದು ಬರೆದಿದ್ದೆ. ಹತ್ತು. ನಿನ್ನ ಡಾಕ್ಟರು ಬೇಡ ಎನ್ನದಿದ್ದರೆ ಧಾರಾಳವಾಗಿ ಹತ್ತು. ಇಷ್ಟನ್ನು ಖಾತ್ರಿಯಾಗಿ ಬರೆಯಲು ನನಗೆ ಇಷ್ಟು ದಿನ ಹಿಡಿಯಿತು. ಯಾಕೆ ಅಂತ ಹೇಳುತ್ತೇನೆ, ಕೂತು ಓದು.

ನಿನಗೋಸ್ಕರ ಕೇಳಿಬರೋಣವೆಂದು, ಹದಿನೇಳು ವರ್ಷದ ಹಿಂದೆ ನನ್ನನ್ನು ನೋಡಿದ್ದ ಡಾಕ್ಟರಮ್ಮನ ಮನೆಗೆ ಹೋದೆ. ಈಗ ನಿವೃತ್ತರು. ಬಾಲ್ಕನಿಯಲ್ಲಿ ಕುಂಡಗಳಿಗೆ ಮಣ್ಣು ತುಂಬುತ್ತಿದ್ದರು. "ಅವತ್ತು ಬೆಟ್ಟದಲ್ಲಿ ನಡೀದೇ ಇದ್ದಿದ್ರೆ ನನ್ನ ಮಗು ಉಳೀತಿತ್ತಲ್ವಾ?" ಎಂದೆ. ಅವರ ಕೈ ಕುಂಡದಲ್ಲೇ ನಿಂತಿತು.

"ನಡೆದದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲಮ್ಮ. ನೀನು ಹಾಸಿಗೆ ಬಿಟ್ಟು ಏಳದೇ ಇದ್ದಿದ್ರೂ ಆ ಗರ್ಭ ನಿಲ್ತಿರಲಿಲ್ಲ. ನೀನು ಮತ್ತಿನಲ್ಲಿದ್ದೆ, ನಿಮ್ಮ ಯಜಮಾನರಿಗೆ ಅವತ್ತೇ ಬಿಡಿಸಿ ಹೇಳಿದ್ದೆ. ಮುಂದೆ ಮಕ್ಕಳಾಗದಿದ್ರೆ ಇಬ್ಬರೂ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಚೀಟಿನೂ ಕೊಟ್ಟಿದ್ದೆ. ಅವರು ಹೇಳಲಿಲ್ವಾ?"

ಹೇಳಲಿಲ್ಲ, ಗುಬ್ಬಿ. ಆಸ್ಪತ್ರೆಯ ಮೊಗಸಾಲೆಗೆ ಬಂದು, ತಮ್ಮ ಅಮ್ಮ ಮತ್ತು ಅಕ್ಕನ ಮುಂದೆ, "ಬೇಡ ಅಂದ್ರೂ ಕೇಳಲಿಲ್ಲ, ಹತ್ತೇಬಿಟ್ಲು" ಎಂದರಂತೆ ನಿನ್ನ ಭಾವ. ನಿಜವಾಗಿ ಆ ದಿನ ಸುಸ್ತು ಎಂದು ಮಲಗಿದ್ದವಳನ್ನು ಎಬ್ಬಿಸಿಕೊಂಡು ಹೋದವರು ಅವರೇ. ಹೊಸ ಕ್ಯಾಮೆರಾ ಬಂದಿತ್ತು, ಹೂವಿನ ನಡುವೆ ಹೆಂಡತಿಯನ್ನು ನಿಲ್ಲಿಸಿ ಚಿತ್ರ ತೆಗೆಯಬೇಕಿತ್ತು. ಅಂದಿನಿಂದ ಅವರ ಅಕ್ಕನ ಬಾಯಲ್ಲಿ ನಾನು 'ಬೆಟ್ಟ ಹತ್ತಿ ಮಗು ಕಳಕೊಂಡವಳು'. ಅವಳ ಮೊಮ್ಮಗುವಿಗೆ ಕೈ ಚಾಚಿದಾಗ ಎಲ್ಲರೆದುರು, "ನಿನ್ನ ಕೈಗೆ ಬೇಡಮ್ಮ" ಎಂದು ತಿರುಗಿಸಿಕೊಂಡಳು. ಭಾವ ಅಲ್ಲೇ ಇದ್ದರು, ಪೇಪರ್ ಓದುತ್ತಾ.

ಡಾಕ್ಟರಮ್ಮನ ಮನೆಯಿಂದ ಬಂದು ನಾನು ಅಳಲಿಲ್ಲ. ಕ್ಯಾಲೆಂಡರ್ ನೋಡಿದೆ. ಅವತ್ತು ನಾವು ಹೋಗಿದ್ದ ಆ ಬೆಟ್ಟದ ಕಮರಿಯಲ್ಲಿ ಹೂ ಬಿಡಲು ಇನ್ನೂ ಮೂರು ವಾರವಿತ್ತು. ದಿನಕ್ಕೆ ಎಂಟು ಜನರಿಗೆ ಕಾರು ಕಲಿಸುವವಳು ನಾನು; ಯಾವಾಗ ಬ್ರೇಕು, ಯಾವಾಗ ಗೇರು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರು ವಾರ ನಗುನಗುತ್ತಾ ಅಡುಗೆ ಮಾಡಿ ಹಾಕಿದೆ. ಆಮೇಲೆ, "ರೀ, ಹೂವಿನ ಕಮರಿಗೆ ಹೋಗಿಬರೋಣ್ವಾ?" ಎಂದೆ.

"ಅಂತೂ ಮನಸ್ಸು ಗಟ್ಟಿ ಮಾಡ್ಕೊಂಡ್ಯಲ್ಲ!" ಎಂದು ಬೆನ್ನು ತಟ್ಟಿದರು.

ಮೊನ್ನೆ ಶುಕ್ರವಾರ ಹೋದೆವು. ಏನು ಹೂವು ಅಂತೀಯ! ಎರಡೂ ಕಡೆ ಗೋಡೆಯಂತೆ ಎದ್ದ ಬಂಡೆ, ನಡುವೆ ಸಣ್ಣ ಹೊಳೆ. ಬಿರುಕು ಸಿಕ್ಕಲ್ಲೆಲ್ಲ ಹಳದಿ, ನೇರಳೆ. ಹೊಳೆಯಂಚಿನಲ್ಲಿ ಉಗುರಿನಷ್ಟು ಬಿಳಿ ಹೂ, ಕಾಲಿಡಲು ಜಾಗವಿಲ್ಲ. ನಿನ್ನ ಭಾವ ಭೂಗೋಳದ ಮೇಷ್ಟ್ರಲ್ಲವೇ, ದಾರಿಯುದ್ದಕ್ಕೂ ಪಾಠ. "ನೋಡು, ಈ ಬಂಡೆ ಸೀಳಬೇಕಾದ್ರೆ ನೀರಿಗೆ ಲಕ್ಷಾಂತರ ವರ್ಷ ಬೇಕಾಯ್ತು." ನಾನು ಹೂಂಗುಟ್ಟುತ್ತಾ ಮುಂದೆ ನಡೆದೆ. ಅವರಿಗೆ ಏದುಸಿರು. ನಾನು ನಿಲ್ಲಲಿಲ್ಲ. ಆ ಏದುಸಿರು ಕೇಳಲು ಎಷ್ಟು ಹಿತವಾಗಿತ್ತು ಗೊತ್ತಾ? ಪಾಪ ಅನ್ನಿಸಲೇ ಇಲ್ಲ.

ಕಮರಿಯ ತುದಿಯಲ್ಲಿ, ಫೋನಿಗೆ ಸಿಗ್ನಲ್ ಸಿಗುವ ಒಂದೇ ಒಂದು ಹಾಸುಬಂಡೆಯಿದೆ. ಅಲ್ಲಿ ಕೂರಿಸಿ ನೀರು ಕುಡಿಯಲು ಕೊಟ್ಟೆ. ಆಮೇಲೆ ಕೇಳಿದೆ.

"ಡಾಕ್ಟರಮ್ಮ ಕೊಟ್ಟ ಚೀಟಿ ಏನು ಮಾಡಿದೆ?"

ಗುಬ್ಬಿ, ಮದುವೆಯಾದ ಮೇಲೆ ಮೊದಲ ಸಲ ಏಕವಚನ ಬಂತು. ತಾನಾಗಿ ಬಂತು, ಮತ್ತೆ ಹೋಗಲಿಲ್ಲ. ಇನ್ನು ಈ ಕಾಗದದಲ್ಲೂ ಅವನೇ.

ಅವನ ಮುಖ ಸುಣ್ಣವಾಯಿತು. "ಯಾವ ಚೀಟಿ" ಎಂದ. ಆಮೇಲೆ, "ಹರಿದು ಹಾಕ್ದೆ" ಎಂದ.

"ಯಾಕೆ?"

"ಪರೀಕ್ಷೆ ಮಾಡ್ಸಿ, ದೋಷ ನನ್ನದೇ ಅಂತ ಬಂದಿದ್ರೆ? ಅಮ್ಮನಿಗೆ, ಅಕ್ಕನಿಗೆ ಹೇಗೆ ಮುಖ ತೋರಿಸ್ಲಿ? ನೀನು ಹೇಗೂ ನಡೆದಿದ್ದೆಯಲ್ಲ... ಎಲ್ಲರೂ ನಂಬಿದ್ರು."

"ನಿನ್ನಕ್ಕನಿಗೆ ಫೋನ್ ಮಾಡು. ಈಗ ಹೇಳಿದ್ದನ್ನೇ ಹೇಳು. ಹೇಳೋವರೆಗೂ ಕಾರಿನ ಕೀ ನನ್ನ ಹತ್ರ ಇರುತ್ತೆ."

ಕಾಡಿದ, ಬೇಡಿದ. ಜನ ನೋಡ್ತಾರೆ ಎಂದ. ನೋಡಲಿ ಎಂದೆ. ಕೊನೆಗೆ ಸ್ಪೀಕರಿನಲ್ಲಿ ಹಾಕಿ, ಪ್ರತಿ ಪದ ನನ್ನೆದುರೇ ಹೇಳಿದ. ಆ ಕಡೆಯಿಂದ ಅವನಕ್ಕ, "ಅಯ್ಯೋ, ಹಳೇ ಕಥೆ ಈಗ್ಯಾಕೋ? ಅವಳೇನು ಸತ್ತೋದ್ಲಾ?" ಎಂದಳು.

"ಇಲ್ಲ ಅತ್ತಿಗೆ, ಇಲ್ಲೇ ಇದ್ದೀನಿ. ತಮ್ಮನ ಬಟ್ಟೆಬರೆ ನಾಳೆ ನಿಮ್ಮನೆಗೆ ಬರುತ್ತೆ, ಬೀರು ಖಾಲಿ ಮಾಡಿಡಿ" ಎಂದೆ.

ಇಳಿಯುವಾಗ ನಾನೇ ಮುಂದೆ. ಅವನು ಕಾರಿನ ಹತ್ತಿರ ಬರುವಷ್ಟರಲ್ಲಿ ಎಂಜಿನ್ ಶುರುವಾಗಿತ್ತು. "ಹೇಳಿದೆನಲ್ಲೇ! ಕೀ ಕೊಡ್ತೀನಿ ಅಂದಿದ್ದೆ!" ಎಂದು ಗಾಜು ಬಡಿದ. ನಾನು ಕೀ ಕೊಡುತ್ತೇನೆ ಎಂದಿರಲಿಲ್ಲ, ಕೊಟ್ಟರೂ ಅವನಿಗೆ ಕಾರು ಓಡಿಸಲು ಬರುವುದಿಲ್ಲ. ನನ್ನ ಕೈಯಲ್ಲಿ ಕಲಿಯದೇ ಹೋದ ಒಬ್ಬನೇ ಶಿಷ್ಯ. "ಐದು ಗಂಟೆಗೆ ಬಸ್ಸಿದೆ. ಮೂರು ಮೈಲಿ. ನಡಿ, ನಡೆದ್ರೆ ಏನೂ ಆಗಲ್ಲ" ಎಂದು ಹೊರಟುಬಿಟ್ಟೆ. ಕನ್ನಡಿಯಲ್ಲಿ ನೋಡಿದೆ, ಮನಸಾರೆ ನೋಡಿದೆ. ತಿರುವು ಬರುವವರೆಗೂ ರಸ್ತೆ ನಡುವೆ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಈಗ ತನ್ನ ಅಕ್ಕನ ಮನೆಯಲ್ಲಿದ್ದಾನೆ. ನಿನ್ನೆ ಎರಡು ಪೆಟ್ಟಿಗೆ ಕಳಿಸಿದೆ. ಮೊನ್ನೆಯಿಂದ ಹತ್ತು ಸಲ ಫೋನ್ ಬಂತು, ನಾನು ಎತ್ತಿಲ್ಲ. ರಾಜಿ ಮಾಡಿಸಲು ನಿನ್ನ ಹತ್ತಿರ ಬಂದರೂ ಬಂದಾನು. ಒಳಗೆ ಕರೆದು ಕಾಫಿ ಕೊಡು, ಮಾತು ಕೊಡಬೇಡ.

ಹೊಟ್ಟೆ ತುಂಬ ತಿನ್ನು, ಕಣ್ತುಂಬ ನಿದ್ದೆ ಮಾಡು. ಹುಟ್ಟುವ ಕೂಸು ನಿನ್ನಂತೆ ವಟಗುಟ್ಟಲಿ, ನೂರು ವರ್ಷ ಬಾಳಲಿ. ನಿನ್ನ ಗಂಡನಿಗೂ ನನ್ನ ಆಶೀರ್ವಾದ ಹೇಳು.

ನಿನ್ನ,
ಅಕ್ಕ

ಮರೆತಿಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ: ಪ್ರತಿ ವರ್ಷ ಆ ತಾರೀಖಿನಂದು ನಾನು ಅವನೆದುರು ಕೂತು, "ನನ್ನಿಂದ ನಿಮ್ಮ ಮಗು ಹೋಯ್ತು, ಕ್ಷಮಿಸಿಬಿಡಿ" ಎನ್ನುತ್ತಿದ್ದೆ. ಹದಿನಾರು ವರ್ಷ. ಅವನು ಒಂದು ಸಲವೂ ಬೇಡ ಎನ್ನಲಿಲ್ಲ. ತಲೆ ಸವರಿ, "ಕ್ಷಮಿಸಿದ್ದೀನಿ, ಏಳು" ಎನ್ನುತ್ತಿದ್ದ. ಇಂಥ ಒಳ್ಳೆಯ ಗಂಡ ಯಾರಿಗೆ ಸಿಗುತ್ತಾನೆ ಎಂದುಕೊಂಡು ನಾನು ಏಳುತ್ತಿದ್ದೆ.